ಗುಂಡಿಯ ಸಾಕ್ಷಿ, ನಾಲಿಗೆಯ ಸಾಕ್ಷಿ

ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಹೊರಗೆ ಬಿಸಿಲು ಇಳಿಯುವ ಹೊತ್ತು. ಶಾಸನದ ಕಂಬ ನೋಡಿ ಬಂದ ಇಬ್ಬರು ಮರದ ನೆರಳಿಗೆ ಕೂತಿದ್ದಾರೆ. ಒಬ್ಬರು ಸೊರಬದ ಕಡೆಯ ನಿವೃತ್ತ ಕನ್ನಡ ಮೇಷ್ಟ್ರು. ಇನ್ನೊಬ್ಬಳು ಅವರ ಹಳೆಯ ಶಿಷ್ಯೆ, ಈಗ ಉತ್ಖನನದ ಕೆಲಸದಲ್ಲಿರುವವಳು. ಶಿರಾಳಕೊಪ್ಪದ ಬಸ್ಸು ಬರಲು ಇನ್ನೂ ಹೊತ್ತಿದೆ.

ಮೇಷ್ಟ್ರು: ಆಗಿನಿಂದ ಫೋನಿನಲ್ಲಿ ಎಂತ ನೋಡ್ತಾ ಇದ್ದೀಯೆ ಮಾರಾಯ್ತಿ?

ಶಿಷ್ಯೆ: ಈ ಫೋಟೋ ನೋಡಿ ಸರ್. ಬೇರೆ ಕಡೆ ಒಂದು ಗುಂಡಿಯಲ್ಲಿ ಕೆಲಸ ಮಾಡುವಾಗ ಸಿಕ್ಕಿದ್ದು. ಒಡೆದ ಮಡಕೆಯ ಚೂರು. ಅಂಚನ್ನು ಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾರೆ. ನಾನು ರಿಜಿಸ್ಟರಿನಲ್ಲಿ ‘ದುಂಡು ಬಿಲ್ಲೆ, ಉಪಯೋಗ ತಿಳಿಯದು’ ಅಂತ ಬರೆದೆ. ಮಣ್ಣು ಹೊರುತ್ತಿದ್ದ ಹೆಂಗಸೊಬ್ಬರು ಬಗ್ಗಿ ನೋಡಿ, ‘ಇಷ್ಟೂ ಗೊತ್ತಿಲ್ವಾ, ಕುಂಟೆಬಿಲ್ಲೆ ಆಡೋದು’ ಅಂತ ನಕ್ಕುಬಿಟ್ಟರು.

ಮೇಷ್ಟ್ರು: ಸರಿ ಹೋಯ್ತು. ಉಪಯೋಗ ತಿಳಿಯಿತಲ್ಲ.

ಶಿಷ್ಯೆ: ಅಲ್ಲೇ ಇರೋದು ಕಷ್ಟ. ಅವರು ಹೇಳಿದ್ದು ಇವತ್ತಿನ ಮಾತು, ಬಿಲ್ಲೆ ಇದ್ದದ್ದು ಹಳೆಯ ಮಣ್ಣಿನಲ್ಲಿ. ಆ ಕಾಲದಲ್ಲಿ ಅದು ಗಡಿಗೆಯ ಮುಚ್ಚಳವೋ ಲೆಕ್ಕದ ಕಾಯೋ ಆಗಿದ್ದಿರಬಹುದು. ಹಾಗಂತ ಸುತ್ತ ಇದ್ದವರನ್ನು ಕೇಳದೆ ‘ತಿಳಿಯದು’ ಅಂತ ಬರೆದದ್ದೂ ತಪ್ಪೇ. ಮಣ್ಣಿನಲ್ಲಿ ಸಿಕ್ಕ ವಸ್ತುವಿನ ಕಾಲ ಹೇಳಬಹುದು, ಅದಕ್ಕೆ ಬಾಯಿಲ್ಲ. ನಿಮ್ಮ ಮಾತಿಗೆ ಬಾಯಿದೆ, ತಾರೀಕಿಲ್ಲ.

ಮೇಷ್ಟ್ರು: ಕುರುಡನೂ ಕುಂಟನೂ ಜೊತೆಯಾದ ಕಥೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಕೂತರಾಯಿತು ಅಂತೀಯಾ?

ಶಿಷ್ಯೆ: ಅಷ್ಟು ಸುಲಭ ಇದ್ದಿದ್ದರೆ ಚೆನ್ನಾಗಿತ್ತು. ನಿಮ್ಮ ಮನೆ ಬಚ್ಚಲಿನ ಕೊಡ ಯಾವುದರದ್ದು?

ಮೇಷ್ಟ್ರು: ಈಗ ಪ್ಲಾಸ್ಟಿಕ್ಕು. ಅಮ್ಮನ ಕಾಲದಲ್ಲಿ ತಾಮ್ರದ್ದಿತ್ತು. ಅಜ್ಜಿ ಮಣ್ಣಿನ ಕೊಡದಲ್ಲೂ ನೀರು ತರುತ್ತಿದ್ದರಂತೆ.

ಶಿಷ್ಯೆ: ಮೂರಕ್ಕೂ ಕೊಡ ಅಂತಲೇ ಹೆಸರು. ತಮಿಳಿನಲ್ಲೂ ಅದು ಕುಡಂ. ಮುಂದೊಂದು ದಿನ ನಿಮ್ಮ ಹಿತ್ತಲು ಅಗೆದವರಿಗೆ ಕೆಳಗೆ ಮಣ್ಣು, ನಡುವೆ ತಾಮ್ರ, ಮೇಲೆ ಪ್ಲಾಸ್ಟಿಕ್ ಸಿಗುತ್ತದೆ. ‘ಇಲ್ಲಿ ಮೂರು ಸಲ ಹೊಸ ಜನ ಬಂದರು’ ಅಂತ ಅವರು ಬರೆದಾರು. ಬಂದವರು ಯಾರೂ ಇಲ್ಲ. ಸೊಸೆ ಸಂತೆಯಿಂದ ಹಗುರದ ಕೊಡ ತಂದಳು, ಅಷ್ಟೇ.

ಮೇಷ್ಟ್ರು: ಶಬ್ದ ಹಿಡಿದು ಹೊರಟ ನಮ್ಮ ಕಡೆಯವರೂ ಹಾಗೇ ಎಡವುತ್ತಾರೆ, ಅದರ ತಿರುವುಮುರುವು. ಈ ಬಯಲೆಲ್ಲ ಭತ್ತ ಬೆಳೆಯುವ ಗದ್ದೆ. ಭತ್ತ ಅನ್ನುವುದು ಸಂಸ್ಕೃತದ ‘ಭಕ್ತ’ದಿಂದ ಬಂದದ್ದು, ಅಂದರೆ ಬೇಯಿಸಿದ ಅನ್ನ. ಹಳಗನ್ನಡದಲ್ಲಿ ಅದು ‘ನೆಲ್’. ತಮಿಳರು, ಮಲಯಾಳಿಗಳು ಇವತ್ತಿಗೂ ನೆಲ್ಲು ಅಂತಾರೆ. ಶಬ್ದ ಒಂದನ್ನೇ ಹಿಡಿದವನು ಭತ್ತದ ಬೆಳೆಯೇ ಉತ್ತರದಿಂದ ಬಂತು ಅಂತ ಹೇಳಿಬಿಡಬಹುದು. ಗದ್ದೆ ಅದೇ, ತೆನೆ ಅದೇ, ಹೆಸರು ಮಾತ್ರ ಬದಲಾಯಿತು.

ಶಿಷ್ಯೆ: ಕೊಡದಲ್ಲಿ ಹೆಸರು ಉಳಿದು ವಸ್ತು ಹೋಯಿತು. ಭತ್ತದಲ್ಲಿ ವಸ್ತು ಉಳಿದು ಹೆಸರು ಹೋಯಿತು. ಇಬ್ಬರಲ್ಲಿ ಒಬ್ಬರನ್ನೇ ನಂಬಿದರೂ ಮೋಸ ಹೋಗ್ತೀವಿ.

ಮೇಷ್ಟ್ರು: ಅದಕ್ಕೇ ನಿನ್ನನ್ನು ಈ ಊರಿಗೆ ಕರ್ಕೊಂಡು ಬಂದೆ. ಇಬ್ಬರು ಸಾಕ್ಷಿಗಳೂ ಇಲ್ಲಿ ಒಟ್ಟಿಗೇ ಸಿಗ್ತಾರೆ. ಆ ಕಂಬದಲ್ಲಿ ಎಂತ ಇದೆ ಹೇಳು.

ಶಿಷ್ಯೆ: ಐದನೇ ಶತಮಾನದ್ದು. ಕದಂಬರ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ಬರೆದ ಸಂಸ್ಕೃತ ಕಾವ್ಯ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರರ ಜೊತೆ ಜಗಳವಾದದ್ದು, ಕೊನೆಗೆ ರಾಜನಾದದ್ದು ಎಲ್ಲ ಅದರಲ್ಲಿದೆ.

ಮೇಷ್ಟ್ರು: ಕಥೆ ಎಲ್ಲರಿಗೂ ಗೊತ್ತು. ಕಂಬ ನಿಲ್ಲಿಸಿದ್ದು ಯಾಕೆ?

ಶಿಷ್ಯೆ: ಕೆರೆಗೆ. ಕಾಕುಸ್ಥವರ್ಮ ಇಲ್ಲಿನ ಶಿವಾಲಯದ ಹತ್ತಿರ ದೊಡ್ಡ ಕೆರೆ ಕಟ್ಟಿಸಿದ. ಸಾತಕರ್ಣಿಯಂಥ ಅರಸರು ಪೂಜೆ ಮಾಡಿದ ಗುಡಿ ಇದು ಅಂತಲೂ ಹೇಳ್ತದೆ.

ಮೇಷ್ಟ್ರು: ಕೆರೆಯನ್ನು ಕುಬ್ಜ ‘ತಟಾಕ’ ಅಂತ ಬರೆದ. ಮಣ್ಣು ಹೊತ್ತವರು ಹಾಗೆ ಅಂದಿರಲಿಕ್ಕಿಲ್ಲ. ಅವರ ಮಾತು ಕಂಬದಲ್ಲಿ ಎಲ್ಲೂ ಇಲ್ಲವಾ ಅಂತ ಹುಡುಕಿದರೆ ಒಂದು ಕಡೆ ಸಿಗ್ತದೆ. ಊರಿನ ಹೆಸರು ‘ಸ್ಥಾನಕುಂದೂರ’. ಮುಂದಿನ ಭಾಗಕ್ಕೆ ಸಂಸ್ಕೃತದ ಅಂಗಿ ತೊಡಿಸಿದ್ದಾರೆ, ಬಾಲದಲ್ಲಿ ‘ಊರು’ ಹಾಗೇ ಉಳಿದುಬಿಟ್ಟಿದೆ. ಊರು ಅನ್ನೋದನ್ನು ಸಂಸ್ಕೃತ ಮಾಡೋಕೆ ಕುಬ್ಜನ ಕೈಯಲ್ಲೂ ಆಗಲಿಲ್ಲ. ಆಮೇಲಿನ ಶಾಸನಗಳಲ್ಲಿ ಅದು ತಾಣಗುಂದೂರು, ಈಗ ತಾಳಗುಂದ.

ಶಿಷ್ಯೆ: ಮಳವಳ್ಳಿ ಕಂಬವೂ ಹಾಗೇ ಅಲ್ವಾ?

ಮೇಷ್ಟ್ರು: ಅದು ಇದಕ್ಕಿಂತ ಹಳೆಯದು, ಇದೇ ಶಿಕಾರಿಪುರ ತಾಲ್ಲೂಕಿನದು. ಒಂದೇ ಕಂಬದ ಮೇಲೆ ಮೊದಲು ಚುಟು ಸಾತಕರ್ಣಿಯ ದಾನ, ಆಮೇಲೆ ಕದಂಬ ಅರಸನ ದಾನ. ಎರಡೂ ಪ್ರಾಕೃತದಲ್ಲಿವೆ. ಅಲ್ಲಿನ ದೇವರ ಹೆಸರು ‘ಮಳಪಳಿ ದೇವ’. ಪ್ರಾಕೃತದ ನಡುವೆ ನಮ್ಮ ‘ಪಳ್ಳಿ’ ಕೂತಿದೆ. ರಾಜರು ಬದಲಾದರು, ಬರೆಯುವ ಭಾಷೆ ಪ್ರಾಕೃತದಿಂದ ಸಂಸ್ಕೃತಕ್ಕೆ ಹೋಯಿತು. ಊರಿನವರ ಭಾಷೆ ಯಾವುದಿತ್ತು ಅಂತ ಹೇಳುವುದು ಈ ಎರಡಕ್ಷರದ ಬಾಲ.

ಶಿಷ್ಯೆ: ಅಂದರೆ ಶಾಸನದ ಭಾಷೆಯನ್ನೇ ಜನರ ಭಾಷೆ ಅಂದುಕೊಳ್ಳಬಾರದು.

ಮೇಷ್ಟ್ರು: ನಮ್ಮನೆ ಮದುವೆ ಕಾಗದ ನೆನಪು ಮಾಡ್ಕೋ. ಮೇಲೆ ಗಣಪತಿಯ ಸಂಸ್ಕೃತ ಶ್ಲೋಕ, ಕೆಳಗೆ ಕನ್ನಡದಲ್ಲಿ ಮುಹೂರ್ತ, ಛತ್ರದ ವಿಳಾಸ, ಊಟದ ಹೊತ್ತು. ಚಾಲುಕ್ಯರ ಕಾಲದಿಂದ ಎಷ್ಟೋ ದಾನಶಾಸನಗಳ ಕಟ್ಟೂ ಇದೇ. ಹೊಗಳಿಕೆಗೆ ಸಂಸ್ಕೃತ. ಗದ್ದೆಯ ಮೂಡಣ ಗಡಿ ಯಾವ ಹಳ್ಳ, ತೆಂಕಣ ಗಡಿ ಯಾವ ಕಲ್ಲು ಅನ್ನುವಲ್ಲಿ ಕನ್ನಡ. ಗಡಿ ತಪ್ಪಾದರೆ ತಲೆ ಒಡೆಯುತ್ತವೆ, ಅಲ್ಲಿ ಎಲ್ಲರಿಗೂ ತಿಳಿಯುವ ಮಾತೇ ಬೇಕು.

ಶಿಷ್ಯೆ: ಆದರೆ ಈ ಊರಿನ ಮಣ್ಣೇ ಕನ್ನಡವನ್ನೂ ಕೊಟ್ಟಿತಲ್ಲ ಸರ್. 2013-14ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಈ ಆವರಣದಲ್ಲೇ ಅಗೆದಾಗ ಸಿಂಹಕಟಾಂಜನದ ಕಲ್ಲು ಸಿಕ್ಕಿತು. ಮೆಟ್ಟಿಲ ಪಕ್ಕದ ಕೈಹಿಡಿಯ ಹಾಗಿನ ಸಿಂಹ, ಅದರ ಮೇಲೆ ಸಂಸ್ಕೃತ ಮತ್ತು ಕನ್ನಡದ ಬರಹ. ಇಲಾಖೆ ಅದರ ಕಾಲವನ್ನು ಕ್ರಿ.ಶ. 370 ಅಂತ ಗೊತ್ತುಮಾಡಿತು. ಅಲ್ಲಿವರೆಗೆ ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಹಲ್ಮಿಡಿ, ಸುಮಾರು 450.

ಮೇಷ್ಟ್ರು: ನಾನೇ ಮೂವತ್ತು ವರ್ಷ ಹಲ್ಮಿಡಿ ಅಂತ ಪಾಠ ಹೇಳಿದವನು! ಬಿ.ಎಲ್. ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೇ ಸಂಪುಟ 1902ರಲ್ಲಿ ಬಂತು, ಶಿಕಾರಿಪುರದ ಶಾಸನಗಳೆಲ್ಲ ಅದರಲ್ಲಿವೆ. ಎಂಟನೆಯದು 1904, ಸೊರಬದ್ದು ಅದರಲ್ಲಿ. ನೂರು ವರ್ಷ ಅದನ್ನೇ ಓದಿದೆವು. ಸಿಂಹ ಆಗಲೂ ಮಣ್ಣಿನೊಳಗೇ ಇತ್ತು. ಗುದ್ದಲಿ ಬೀಳದೆ ನಮ್ಮ ವ್ಯಾಕರಣಕ್ಕೆ ಎಂಬತ್ತು ವರ್ಷ ಹೆಚ್ಚು ಸಿಗುತ್ತಿರಲಿಲ್ಲ.

ಶಿಷ್ಯೆ: ಈಗ ವ್ಯಾಕರಣದಿಂದ ಗುದ್ದಲಿಗೆ ಎಂತ ಸಿಗ್ತದೆ ಹೇಳಿ.

ಮೇಷ್ಟ್ರು: ಮಳಪಳಿ ಹೇಗೆ ಮಳವಳ್ಳಿ ಆಯಿತು? ಹಳಗನ್ನಡದಲ್ಲಿ ಎರಡು ಪದ ಕೂಡುವಾಗ ನಡುವಿನ ಪಕಾರ ವಕಾರವಾಗ್ತದೆ. ಪಳ್ಳಿ ಒಂಟಿಯಾಗಿ ನಿಂತಾಗ ಅದರ ದಾರಿ ಬೇರೆ. ಹತ್ತನೇ ಶತಮಾನದ ಸುತ್ತ ಪದದ ಮೊದಲಿನ ಪಕಾರ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ಹಳ್ಳಿ ಅನ್ನುವ ರೂಪ ನಾಲಿಗೆಗೆ ಬಂದಮೇಲೆ ಹುಟ್ಟಿದ ಊರಿಗೆ ‘ವಳ್ಳಿ’ ಅಂತ ಹೆಸರಿಡಲು ಕಾರಣ ಕಡಿಮೆ.

ಶಿಷ್ಯೆ: ತಡೀರಿ. ಹಾಗಾದರೆ ವಳ್ಳಿ ಅಂತ ಕೊನೆಯಾಗುವ ಊರುಗಳು ಒಟ್ಟಾರೆ ಹಳ್ಳಿ ಅಂತ ಕೊನೆಯಾಗುವ ಊರುಗಳಿಗಿಂತ ಹಳೆಯವು ಇರಬೇಕು. ಅದನ್ನು ಪರೀಕ್ಷೆ ಮಾಡಬಹುದಲ್ಲ! ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಎರಡೂ ಬಗೆಯ ಊರುಗಳ ಹಳೇ ಊರ ದಿಬ್ಬದಲ್ಲಿ ನಡೆದು ಮಡಕೆ ಚೂರು ಆರಿಸಬೇಕು. ಯಾವ ಊರಿನ ಚೂರು ಹಳೆಯದು ಅಂತ ಹೆಸರು ನೋಡದೆ ವಿಂಗಡಿಸಬೇಕು. ಕೊನೆಗೆ ಹೆಸರಿನ ಪಟ್ಟಿ ಪಕ್ಕಕ್ಕಿಟ್ಟು ನೋಡಬೇಕು.

ಮೇಷ್ಟ್ರು: ನೋಡದೆ ಅಂದೆಯಲ್ಲ, ಅದು ಸರಿಯಾದ ಮಾತು. ಆದರೆ ಎಲ್ಲ ವಳ್ಳಿಯೂ ಪಳ್ಳಿಯಲ್ಲ, ಬಳ್ಳಿಯೂ ಇರಬಹುದು. ಪಕ್ಕದ ಬಳ್ಳಿಗಾವಿಯನ್ನೇ ತಗೋ. ಚಾಲುಕ್ಯ ವಿನಯಾದಿತ್ಯನ ಕಾಲದ, ಏಳನೇ ಶತಮಾನದ ಶಾಸನದಲ್ಲಿ ಅದು ವಕಾರದಿಂದ ಶುರುವಾಗುವ ‘ವಳ್ಳಿಗಾಮೆ’. ಮೊದಲಿನ ವಕಾರ ಬಕಾರವಾದದ್ದು ಕನ್ನಡದ ಇನ್ನೊಂದು ಹೆಜ್ಜೆ ಗುರುತು, ವನವಾಸಿ ಬನವಾಸಿ ಆದ ಹಾಗೆ.

ಶಿಷ್ಯೆ: ಸೊರಬದ ವೀರಗಲ್ಲುಗಳಿಗೂ ಇದು ನಡೀತದಾ? ಎಷ್ಟೋ ಕಲ್ಲಲ್ಲಿ ಇಸವಿಯೇ ಇಲ್ಲ.

ಮೇಷ್ಟ್ರು: ನಡೀತದೆ, ಹುಷಾರಾಗಿ. ‘ಊರೞಿವು’ ಅಂತ ಬರೆದಿರ್ತಾರೆ, ಊರಿಗೇ ನಾಶ ಬಂದಾಗ ಕಾದಾಡಿ ಸತ್ತ ಅಂತ. ಆ ‘ೞ’ ಈಗ ನಮ್ಮ ಬಾಯಲ್ಲಿಲ್ಲ. ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರ ಇರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟ. ಜನ ಸರಾಗವಾಗಿ ಆಡುವ ಉಚ್ಚಾರಕ್ಕೆ ಯಾರೂ ಪಟ್ಟಿ ಮಾಡೋದಿಲ್ಲ. ಆಗಲೇ ಅದು ನಾಲಿಗೆಯಿಂದ ಜಾರಿತ್ತು ಅಂತ ಅರ್ಥ. ಹಾಗಂತ ೞ ಇದ್ದ ಕಲ್ಲೆಲ್ಲ ಹಳೆಯದು ಅನ್ನಬಾರದು. ನಾವು ‘ಋಷಿ’ ಅಂತ ಬರೆದು ‘ರುಷಿ’ ಅಂತ ಓದೋದಿಲ್ವಾ? ಬಾಯಿ ಮುಂದೆ ಹೋದರೂ ಕೈ ಹಳೆಯದನ್ನೇ ಹಿಡಿದಿರ್ತದೆ.

ಶಿಷ್ಯೆ: ಅಲ್ಲಿ ನಾನು ಬರ್ತೇನೆ. ಅಕ್ಷರದ ಮೋಡಿ, ಕತ್ತಿಯ ಆಕಾರ, ಕೆಳಗಿನ ಪಟ್ಟಿಯಲ್ಲಿ ಕೆತ್ತಿದ ದನ, ಮೇಲಿನ ಪಟ್ಟಿಯ ಲಿಂಗ, ಇವುಗಳ ಕಾಲ ಬೇರೆ ದಾರಿಯಿಂದ ಹೇಳಬಹುದು. ನನಗೆ ವೀರಗಲ್ಲು ಇಷ್ಟವಾಗೋದು ಅದಕ್ಕೇ. ಮೇಲೆ ‘ತುಱು’ ಅಂತ ಬರೆದು ಕೆಳಗೆ ದನವನ್ನೇ ಕೆತ್ತಿರ್ತಾರೆ. ಶಬ್ದ, ಅದರ ಅರ್ಥ ಎರಡೂ ಒಂದೇ ಕಲ್ಲಲ್ಲಿ.

ಮೇಷ್ಟ್ರು: ಎಲ್ಲಾ ಶಬ್ದಕ್ಕೂ ಆ ಭಾಗ್ಯ ಇಲ್ಲ. ಕೆರೆಯನ್ನೇ ತಗೋ. ತೆಲುಗಿನಲ್ಲಿ ಅದು ಚೆರುವು. ನಮ್ಮ ಕಿವಿ ಅವರಿಗೆ ಚೆವಿ. ಇ, ಎ ಸ್ವರಗಳ ಮುಂದೆ ತೆಲುಗು, ತಮಿಳು ಎರಡೂ ಕಕಾರವನ್ನು ಚಕಾರ ಮಾಡಿಕೊಂಡವು, ಕನ್ನಡ ಮಾಡಲಿಲ್ಲ. ಹಾಗಾಗಿ ‘ಕೆರೆ’ ಇಟ್ಟುಕೊಂಡಿರುವುದು ಹಳೆಯ ರೂಪ. ಈ ಕಂಬಕ್ಕಿಂತ ಎಷ್ಟೋ ಹಿಂದೆ ಕನ್ನಡ, ತೆಲುಗಿನ ಹಿರಿಯರು ಒಂದೇ ಶಬ್ದ ಆಡುತ್ತಿದ್ದರು.

ಶಿಷ್ಯೆ: ಅವರು ಕೆರೆ ಕಟ್ಟುತ್ತಿದ್ದರು ಅಂತಲೂ ಹೇಳಬಹುದಾ?

ಮೇಷ್ಟ್ರು: ಬಲೆಗೆ ಕೆಡವಬೇಡ! ಆ ಕಾಲದಲ್ಲಿ ಕೆರೆ ಅಂದರೆ ಮಳೆನೀರು ನಿಂತ ತಗ್ಗೋ, ಏರಿ ಹಾಕಿ ತಡೆದ ನೀರೋ, ಶಬ್ದ ಹೇಳುವುದಿಲ್ಲ. ‘ಏರಿ’ಯನ್ನು ನೋಡು. ನಮಗೆ ಏರಿ ಅಂದರೆ ಕೆರೆಯ ಒಡ್ಡು, ತಮಿಳರಿಗೆ ಏರಿ ಅಂದರೆ ಕೆರೆಯೇ. ಒಡ್ಡಿನ ಹೆಸರು ನೀರಿಗೆ ಹೋಯಿತೋ, ನೀರಿನ ಹೆಸರು ಒಡ್ಡಿಗೆ ಬಂತೋ?

ಶಿಷ್ಯೆ: ಆದರೆ ‘ತೂಬು’ ಇದೆಯಲ್ಲ. ತಮಿಳಿನಲ್ಲಿ ತೂಂಬು, ತೆಲುಗಿನಲ್ಲಿ ತೂಮು. ತೂಬು ಬೇಕಾಗೋದು ಕಟ್ಟಿದ ಕೆರೆಗೆ ಮಾತ್ರ. ತಗ್ಗಿನಲ್ಲಿ ನಿಂತ ನೀರಿಗೆ ತೂಬು ಯಾಕೆ?

ಮೇಷ್ಟ್ರು: ಒಳ್ಳೇ ಪ್ರಶ್ನೆ. ಆದರೆ ಆ ಶಬ್ದಕ್ಕೆ ಬರೀ ‘ಕೊಳವೆ, ತೂತು’ ಅನ್ನುವ ಅರ್ಥವೂ ಇದೆ. ಮೊದಲು ಟೊಳ್ಳು ಬಿದಿರಿಗೆ ಹೇಳಿ, ಆಮೇಲೆ ಕೆರೆಗೆ ತಂದಿದ್ದರೆ? ಇಲ್ಲಿಗೆ ನನ್ನ ಸಾಕ್ಷಿಯ ಬಾಯಿ ಕಟ್ಟಿತು. ಇನ್ನು ನೀನೇ ಏರಿಯನ್ನು ಅಡ್ಡಕ್ಕೆ ಸೀಳಿ, ಪದರದಲ್ಲಿ ಸಿಕ್ಕಿದ ಇದ್ದಿಲಿನ ಕಾಲ ನೋಡಿ ಹೇಳಬೇಕು.

ಶಿಷ್ಯೆ: ಕಾಳುಗಳಲ್ಲಿ ಈ ಕೆಲಸ ಇನ್ನೂ ಚೆನ್ನಾಗಿ ನಡೆದಿದೆ ಸರ್. ಶಿಕಾರಿಪುರದ ಗಡಿ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರನ್ನು ಎಂ.ಎಸ್. ನಾಗರಾಜರಾಯರು 1965ರಲ್ಲಿ ಅಗೆದರು. ಹೊಸ ಶಿಲಾಯುಗದಿಂದ ಕಬ್ಬಿಣದ ಕಾಲಕ್ಕೆ ಬಂದ ಹೆಜ್ಜೆಗಳು ಅಲ್ಲಿವೆ. ಹಳೆಯ ಮಣ್ಣನ್ನು ನೀರಿಗೆ ಸುರಿದು ಕಲಕಿದರೆ ಮಣ್ಣು ತಳಕ್ಕಿಳಿದು, ಸುಟ್ಟು ಕರಕಲಾದ ಕಾಳು ಮೇಲೆ ತೇಲುತ್ತದೆ. ಸೊಳ್ಳೆಪರದೆಯಂಥ ಬಟ್ಟೆಯಲ್ಲಿ ಅದನ್ನು ಸೋಸಿ ನೆರಳಲ್ಲಿ ಒಣಗಿಸ್ತೀವಿ. ಡೋರಿಯನ್ ಫುಲ್ಲರ್ ಹೀಗೆ ಕಲೆಹಾಕಿದ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಧಾನ್ಯ ಇವೆ. ತೆಂಕಣದ ಹೊಸ ಶಿಲಾಯುಗದ ರೈತರ ಬೆಳೆ ಇವೇ.

ಮೇಷ್ಟ್ರು: ಹೆಸರು! ಹಳಗನ್ನಡದಲ್ಲಿ ‘ಪೆಸರು’, ತೆಲುಗಿನಲ್ಲಿ ‘ಪೆಸಲು’, ತಮಿಳಿನಲ್ಲಿ ‘ಪಯರು’. ಮೂರೂ ಒಂದೇ ಬೇರಿನವು. ಬರೋ ಮತ್ತು ಎಮೆನೊ 1961ರಲ್ಲಿ ತಂದ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ ಒಟ್ಟಿಗೇ ಕೂತಿವೆ.

ಶಿಷ್ಯೆ: ಹಾಗಾದರೆ ಹುರುಳಿ? ತಮಿಳಿನಲ್ಲಿ ಕೊಳ್ಳು, ತೆಲುಗಿನಲ್ಲಿ ಉಲವಲು, ಮಲಯಾಳದಲ್ಲಿ ಮುದಿರ, ತುಳುವಿನಲ್ಲಿ ಕುಡು. ಮಣ್ಣಿನಲ್ಲಿ ಹೆಸರಿನ ಪಕ್ಕದಲ್ಲೇ ಸಿಗುವ ಕಾಳು, ನಾಲಿಗೆಯ ಮೇಲೆ ಊರಿಗೊಂದು ಹೆಸರು.

ಮೇಷ್ಟ್ರು: ಹುರುಳಿಗೊಂದು ಹಳೆಯ ಹೆಸರು ಇದ್ದು ಹೋಗಿರಬಹುದು, ನೆಲ್ ಹೋದ ಹಾಗೆ. ಭತ್ತದ ಪಾಠ ಇಲ್ಲೂ ಬೇಕು. ಶಬ್ದ ಸಿಗಲಿಲ್ಲ ಅಂದರೆ ವಸ್ತು ಇರಲಿಲ್ಲ ಅಂತ ಅಲ್ಲ.

ಶಿಷ್ಯೆ: ಫ್ರ್ಯಾಂಕ್ಲಿನ್ ಸೌತ್‌ವರ್ತ್ ಅನ್ನುವ ಭಾಷಾವಿಜ್ಞಾನಿ, ಆಮೇಲೆ ಫುಲ್ಲರ್, ಹೀಗೆ ಬೆಳೆಗಳ ಹೆಸರನ್ನೂ ಕಾಳುಗಳನ್ನೂ ಎದುರುಬದುರು ಇಟ್ಟು ನೋಡಿದರು. 2018ರಲ್ಲಿ ಇನ್ನೊಂದು ತಂಡ ಇಪ್ಪತ್ತು ದ್ರಾವಿಡ ಭಾಷೆಗಳ ಮೂಲಶಬ್ದಗಳನ್ನು ಗಣಿತದ ಲೆಕ್ಕಕ್ಕೆ ಹಾಕಿ, ಈ ಭಾಷಾಕುಟುಂಬ ಸುಮಾರು 4500 ವರ್ಷ ಹಳೆಯದು ಅಂತ ಹೇಳಿತು. ತೆಂಕಣದ ಹೊಸ ಶಿಲಾಯುಗವೂ ಆ ಆಸುಪಾಸಿನದೇ. ಎರಡೂ ಹೊಂದಿದವು ಅಂತ ಸಂತೋಷ ಆಗ್ತದೆ.

ಮೇಷ್ಟ್ರು: ಸಂತೋಷ ಆದಾಗಲೇ ಎಚ್ಚರ ಇರಬೇಕು. ನಮ್ಮೂರಲ್ಲಿ ನ್ಯಾಯಕ್ಕೆ ಕೂತಾಗ ಅಜ್ಜ ಒಂದು ನಿಯಮ ಪಾಲಿಸುತ್ತಿದ್ದರು. ಇಬ್ಬರು ಸಾಕ್ಷಿಗಳನ್ನು ಒಂದೇ ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಬಾರದು. ಮಾತಾಡಿಕೊಂಡು ಬರ್ತಾರೆ. ನೀನು ನನ್ನ ಪುಸ್ತಕ ನೋಡಿ ‘ಇದು ದ್ರಾವಿಡರ ಮಡಕೆ’ ಅಂತೀಯ. ನಾನು ನಿನ್ನ ವರದಿ ನೋಡಿ ‘ಈ ಶಬ್ದ ಆ ಮಡಕೆಯ ಕಾಲದ್ದು’ ಅಂತೀನಿ. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೂತಿದ್ದೇವೆ, ನೆಲದ ಮೇಲೆ ಕಾಲು ಯಾರದೂ ಇಲ್ಲ!

ಶಿಷ್ಯೆ: ಅಂದರೆ ಮೊದಲು ಬೇರೆ ಬೇರೆ ಹೇಳಿಕೆ, ಆಮೇಲೆ ಪಾಟೀಸವಾಲು.

ಮೇಷ್ಟ್ರು: ಹೊಂದಿಕೆಯಾದರೆ ಒಳ್ಳೆಯದು. ಹೊಂದದಿದ್ದರೆ ಇನ್ನೂ ಒಳ್ಳೆಯದು, ಹುರುಳಿಯ ಹಾಗೆ, ಅಲ್ಲಿ ಹೊಸ ಪ್ರಶ್ನೆ ಹುಟ್ಟುತ್ತದೆ. ಸಾಕ್ಷಿ ಸುಳ್ಳು ಹೇಳುವುದೂ ಇದೆ. ಸೊರಬ ಅನ್ನೋದು ಕಾಮಧೇನು ಸುರಭಿಯಿಂದ ಬಂತು ಅಂತ ನಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ಕಥೆ ಚಂದ, ನಾನೂ ಹೇಳಿಕೊಂಡೇ ಬೆಳೆದೆ. ಚಂದದ ಕಥೆ ಇರುವ ಊರಿನ ಹೆಸರಿನ ಹಿಂದೆ, ಅರ್ಥ ಮರೆತುಹೋದ ಬೇರೆ ಹೆಸರು ಅಡಗಿರಬಹುದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲುಮನೆಗಳ ಗುಡ್ಡಕ್ಕೆ ಜನ ಮೋರ್ಯರ ಗುಡ್ಡ ಅಂತಾರೆ. ಅದನ್ನು ಕೇಳಿ ಮೌರ್ಯ ಅರಸರನ್ನು ಅಲ್ಲಿಗೆ ಕರೆತರಬೇಕಾ?

ಶಿಷ್ಯೆ: ಶಿಕಾರಿಪುರದ ಹೆಸರಿನಲ್ಲಾದರೂ ಪದರಗಳು ಸ್ವಚ್ಛವಾಗಿವೆ.

ಮೇಷ್ಟ್ರು: ಹೌದು, ಗೆಜೆಟಿಯರಿನ ಪ್ರಕಾರ ಮೊದಲು ಮಳೇನಹಳ್ಳಿ, ಕೆಳದಿ ಅರಸರ ಕಾಲಕ್ಕೆ ಮಹಾದಾನಪುರ, ಹೈದರ್-ಟಿಪ್ಪು ಕಾಲಕ್ಕೆ ಬೇಟೆ ಚೆನ್ನಾಗಿ ಸಿಗುತ್ತದೆಂದು ಶಿಕಾರಿಪುರ. ಕನ್ನಡದ ಮೇಲೆ ಸಂಸ್ಕೃತ, ಅದರ ಮೇಲೆ ಪಾರಸಿ. ನಿನ್ನ ಗುಂಡಿಯ ಗೋಡೆಯ ಹಾಗೇ.

ಶಿಷ್ಯೆ: ಒಂದು ವ್ಯತ್ಯಾಸ ಇದೆ ಸರ್. ಹೆಸರು ಎರಡು ಸಲ ಬದಲಾದರೂ ಊರಿನವರು ಎರಡು ಸಲ ಬದಲಾಗಲಿಲ್ಲ.

ಮೇಷ್ಟ್ರು: ಕೊಡದ ಪಾಠ ಅಂತೀಯ. ಒಪ್ಪಿದೆ. (ಏಳುತ್ತಾ) ಇಲ್ಲಿಂದ ಹತ್ತಿರದ ಬಳ್ಳಿಗಾವಿಯಲ್ಲಿ ಕೋಡಿಯಮಠ ಅಂತ ಒಂದಿತ್ತು. 1162ರ ಶಾಸನ ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನೆಲ್ಲ ಓದಿಸುತ್ತಿದ್ದರು ಅಂತ ಹೇಳ್ತದೆ. ಅಷ್ಟು ವ್ಯಾಕರಣ ಓದಿದವರು ಕೆರೆ ಏರಿಯ ಮೇಲೆ ಕೂತ ಹೆಂಗಸರು ಏನನ್ನು ಏನಂತ ಕರೆಯುತ್ತಾರೆ ಅಂತ ಒಂದು ಕಲ್ಲಿನ ಮೇಲೆ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಶಿಷ್ಯೆ: ನಾನು ಬರೆದಿಡ್ತೇನೆ. ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿದ್ದೇನೆ. ‘ಕೆಲಸದವರು ಹೇಳಿದ ಹೆಸರು: ಕುಂಟೆಬಿಲ್ಲೆ.’ ಉಪಯೋಗದ ಕಾಲಂ ಮಾತ್ರ ಖಾಲಿ ಬಿಟ್ಟಿದ್ದೇನೆ, ಬೇರೆ ಸಾಕ್ಷಿ ಬರಲಿ ಅಂತ.

ಮೇಷ್ಟ್ರು: ಹೇಳಿದ ತಾರೀಕು?

ಶಿಷ್ಯೆ: ಹಾಕಿದ್ದೇನೆ.

ಮೇಷ್ಟ್ರು: ಅವರ ತವರೂರು ಯಾವುದು ಕೇಳಿದೆಯಾ?

ಶಿಷ್ಯೆ: ಇಲ್ಲ ಸರ್. ಅದು ಯಾಕೆ?

ಮೇಷ್ಟ್ರು: ಮಡಕೆ ಚೂರು ಎಷ್ಟು ಆಳದಲ್ಲಿ, ಯಾವ ಮೂಲೆಯಲ್ಲಿ ಸಿಕ್ಕಿತು ಅಂತ ಟೇಪು ಹಿಡಿದು ಬರೀತೀಯ. ಮಾತು ಎಲ್ಲಿಂದ ಬಂತು ಅಂತ ಬರೆಯಲ್ವಾ? ಅವರು ಆ ಊರಿಗೆ ಮದುವೆಯಾಗಿ ಬಂದವರಾದರೆ, ಆ ಶಬ್ದವೂ ಅವರ ಜೊತೆಗೆ ನಡೆದು ಬಂದದ್ದು.

ಬಸ್ಸಿನ ಹಾರ್ನು ಕೇಳಿಸಿತು. ಅವಳು ಏಳಲಿಲ್ಲ. ಫೋನಿನಲ್ಲಿ ಆ ಗುಂಡಿಯ ಮೇಸ್ತ್ರಿಯ ನಂಬರು ಹುಡುಕುತ್ತಿದ್ದಳು.